ಪರ್‌ಸಲ್ಫೇಟ್–ಅಯೊಡೈಡ್ ಪ್ರಯೋಗ: ಲವಣ ಹಾಕಿದರೆ ವೇಗ ಏರುತ್ತಿದೆ, ಆದರೆ ಸ್ಲೋಪ್ 2.04 ಬರಬೇಕಾದಲ್ಲಿ 0.71 ಬರುತ್ತಿದೆ. ಯಾಕೆ?

ಪ್ರಶ್ನೆ: ನೀಲಿಗಡಿಯಾರ (ಪ್ರಶ್ನೆ, ಉತ್ತರಗಳ ಮುಂದಿರುವುದು ಬರೆದವರ ಅಡ್ಡಹೆಸರು)

ಕರಗಿದ ಲವಣ ಅಯಾನುಗಳ ನಡುವಿನ ಕ್ರಿಯೆಯ ವೇಗವನ್ನು ಹೇಗೆ ಬದಲಿಸುತ್ತದೆ ಅನ್ನುವುದನ್ನು ಅಳೆಯುವ ಪ್ರಯೋಗ ಇದು. ಪೊಟ್ಯಾಸಿಯಂ ಪರ್‌ಸಲ್ಫೇಟ್ ಅಯೊಡೈಡನ್ನು ಅಯೋಡಿನ್ ಮಾಡುತ್ತದೆ, ಹುಟ್ಟಿದ ಅಯೋಡಿನ್ನನ್ನು ಥಯೋಸಲ್ಫೇಟ್ ಕೂಡಲೇ ನುಂಗುತ್ತದೆ, ಥಯೋಸಲ್ಫೇಟ್ ಮುಗಿದ ಕ್ಷಣ ಸ್ಟಾರ್ಚ್ ನೀಲಿಯಾಗುತ್ತದೆ. ಆ ಸಮಯವನ್ನು ಗುರುತು ಹಾಕಿಕೊಳ್ಳುವುದು.

ಪ್ರತಿ ಸಲ ಒಟ್ಟು 100 ಮಿ.ಲೀ.:

ಪೊಟ್ಯಾಸಿಯಂ ಅಯೊಡೈಡ್ 0.10 ಮೋಲಾರ್, 20 ಮಿ.ಲೀ.
ಸೋಡಿಯಂ ಥಯೋಸಲ್ಫೇಟ್ 0.0040 ಮೋಲಾರ್, 5 ಮಿ.ಲೀ.
ಸ್ಟಾರ್ಚ್ ಶೇ. 0.2, 5 ಮಿ.ಲೀ.
ಪೊಟ್ಯಾಸಿಯಂ ನೈಟ್ರೇಟ್ 1.00 ಮೋಲಾರ್, 0 / 1 / 2 / 4 / 7 ಮಿ.ಲೀ.
ನೀರು, ನೈಟ್ರೇಟ್ ಸೇರಿ 60 ಮಿ.ಲೀ. ಆಗುವಷ್ಟು
ಕೊನೆಗೆ ಪೊಟ್ಯಾಸಿಯಂ ಪರ್‌ಸಲ್ಫೇಟ್ 0.030 ಮೋಲಾರ್, 10 ಮಿ.ಲೀ.

25 ಡಿಗ್ರಿಯಲ್ಲಿ ನೀಲಿಯಾಗಲು ತೆಗೆದುಕೊಂಡ ಸಮಯ ಇದೇ ಕ್ರಮದಲ್ಲಿ: 642, 588, 540, 481, 417 ಸೆಕೆಂಡ್.

ಪುಸ್ತಕದ ಸೂತ್ರ: ಲಾಗ್ ಕೆ = ಲಾಗ್ ಕೆ₀ + 1.02 × (ಎರಡೂ ಅಯಾನುಗಳ ಆವೇಶಗಳ ಗುಣಲಬ್ಧ) × √ಬ. ಇಲ್ಲಿ 'ಕೆ' ಅಂದರೆ ವೇಗ ಸ್ಥಿರಾಂಕ, 'ಕೆ₀' ಅಂದರೆ ಬ ಸೊನ್ನೆಯಾದಾಗಿನ ಕೆ, 'ಬ' ಅಂದರೆ ಅಯಾನಿಕ್ ಬಲ. ಪರ್‌ಸಲ್ಫೇಟ್ −2, ಅಯೊಡೈಡ್ −1, ಗುಣಲಬ್ಧ +2. ಹಾಗಾಗಿ ಸ್ಲೋಪ್ 2.04 ಬರಬೇಕು. ಪೊಟ್ಯಾಸಿಯಂ ನೈಟ್ರೇಟ್‌ನ ಸಾರತೆಯ ವರ್ಗಮೂಲವನ್ನು ಅಡ್ಡಕ್ಕೆ, ಲಾಗ್ ಕೆ ಯನ್ನು ಉದ್ದಕ್ಕೆ ಹಾಕಿದರೆ ಮೊದಲ ಬಿಂದುವಿನಿಂದ ಕೊನೆಯದಕ್ಕೆ ಸ್ಲೋಪ್ 0.71 ಮಾತ್ರ. ಅದೂ ನೇರ ಗೆರೆಯಲ್ಲ, ಶುರುವಿನಲ್ಲಿ ಚಪ್ಪಟೆಯಾಗಿದ್ದು ಆಮೇಲೆ ಮೇಲಕ್ಕೆ ಬಾಗುತ್ತದೆ. ಪ್ರತಿ ಮಿಶ್ರಣವನ್ನೂ ಎರಡೆರಡು ಸಲ ಅಳೆದರೂ ಸಮಯ 4 ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗುತ್ತಿಲ್ಲ. ಎಲ್ಲಿ ಎಡವಟ್ಟಾಗಿದೆ?

ಉತ್ತರ: ವರ್ಗಮೂಲ

ಅಳತೆಯಲ್ಲಿ ಏನೂ ಎಡವಟ್ಟಿಲ್ಲ, ಅಡ್ಡ ಅಕ್ಷದಲ್ಲಿದೆ. ಸೂತ್ರದ 'ಬ' ನೀವು ಮೇಲಿಂದ ಹಾಕಿದ ಲವಣದ ಸಾರತೆ ಅಲ್ಲ, ಫ್ಲಾಸ್ಕ್‌ನಲ್ಲಿರುವ ಎಲ್ಲ ಅಯಾನುಗಳ ಲೆಕ್ಕ. ಪ್ರತಿಯೊಂದು ಅಯಾನಿನ ಸಾರತೆಯನ್ನು ಅದರ ಆವೇಶದ ವರ್ಗದಿಂದ ಗುಣಿಸಿ, ಎಲ್ಲ ಕೂಡಿಸಿ, ಅರ್ಧ ಮಾಡಬೇಕು. ಕ್ರಿಯೆಯಲ್ಲಿ ಪಾಲ್ಗೊಳ್ಳುವ ಅಯಾನುಗಳೂ ಲೆಕ್ಕಕ್ಕೆ ಬರುತ್ತವೆ, ಸುಮ್ಮನೆ ಜೊತೆಗಿರುವ ಪೊಟ್ಯಾಸಿಯಂ, ಸೋಡಿಯಂ ಕೂಡ ಬರುತ್ತವೆ.

ನಿಮ್ಮ ಮಿಶ್ರಣದಲ್ಲಿ ಬೆರೆತ ಮೇಲಿನ ಸಾರತೆ ಹೀಗಿದೆ. ಪೊಟ್ಯಾಸಿಯಂ ಅಯೊಡೈಡ್ 0.020 ಮೋಲಾರ್, ಒಂದಕ್ಕೊಂದು ಲವಣ, ಹಾಗಾಗಿ ಅದರ ಪಾಲು 0.020. ಪೊಟ್ಯಾಸಿಯಂ ಪರ್‌ಸಲ್ಫೇಟ್ 0.0030 ಮೋಲಾರ್; ಎರಡು ಪೊಟ್ಯಾಸಿಯಂ, ಒಂದು ದ್ವಿ-ಆವೇಶದ ಅಯಾನು; ½ × (2×1 + 1×4) = 3, ಅಂದರೆ ಪಾಲು 0.0090. ಥಯೋಸಲ್ಫೇಟ್ 0.00020 ಮೋಲಾರ್, ಅದೇ ಮೂರು ಪಟ್ಟು, 0.0006. ಒಟ್ಟು 0.0296. ಒಂದು ಹನಿ ನೈಟ್ರೇಟ್ ಹಾಕುವ ಮೊದಲೇ ಇಷ್ಟಿದೆ. ನೀವು ಅದನ್ನು ಸೊನ್ನೆ ಅಂತ ಗುರುತು ಹಾಕಿದ್ದೀರಿ. ಶುರುವಿನ ಚಪ್ಪಟೆ ಭಾಗ ಅಲ್ಲಿಂದಲೇ ಬಂದದ್ದು.

ಸರಿಯಾದ 'ಬ' ಗಳು: 0.0296, 0.0396, 0.0496, 0.0696, 0.0996.
ವರ್ಗಮೂಲ: 0.172, 0.199, 0.223, 0.264, 0.316.

ಉದ್ದಕ್ಕೆ ಬೇಕಾದ್ದು ಲಾಗ್ ಕೆ ಯಲ್ಲಿ ಆದ ಏರಿಕೆ. ಸಾರತೆಗಳು ಪ್ರತಿ ಸಲವೂ ಒಂದೇ ಆದ್ದರಿಂದ ಸಮಯಗಳ ಅನುಪಾತವೇ ಸಾಕು. ಲಾಗ್(642/417) = 0.187. ಅಡ್ಡಕ್ಕೆ ಸರಿದದ್ದು 0.316 − 0.172 = 0.144. ಸ್ಲೋಪ್ 1.31. ಗೆರೆಯ ಬಾಗು ಬಹುಪಾಲು ಹೋಗುತ್ತದೆ. ಆದರೂ 2.04 ಆಗಲಿಲ್ಲ ಅಲ್ಲವೇ? ಎರಡನೆಯ ಕಾರಣ ಇಲ್ಲಿದೆ.

√ಬ ಮಾತ್ರ ಇರುವ ಸೂತ್ರ ಡಿಬೈ ಮತ್ತು ಹ್ಯೂಕಲ್ 1923ರಲ್ಲಿ ಕೊಟ್ಟ ಸಿದ್ಧಾಂತದ ಮಿತಿ ರೂಪ. ದ್ರಾವಣ ತೀರಾ ತೆಳುವಾದಾಗ ಮಾತ್ರ ನಿಲ್ಲುತ್ತದೆ. ಒಂದು ಆವೇಶದ ಅಯಾನುಗಳಿಗೆ 0.01ರವರೆಗೆ ನಂಬಬಹುದು, ದ್ವಿ-ಆವೇಶದವು ಇದ್ದರೆ ಅದಕ್ಕಿಂತ ಮೊದಲೇ ಕೈಕೊಡುತ್ತದೆ. ನೀವು ಶುರು ಮಾಡಿದ್ದೇ 0.03ರಲ್ಲಿ. ಅಯಾನುಗಳಿಗೂ ಒಂದು ಗಾತ್ರ ಇದೆ, ಅವು ಬಿಂದುಗಳಲ್ಲ ಅನ್ನುವುದನ್ನು ಲೆಕ್ಕಕ್ಕೆ ತಂದರೆ √ಬ ಜಾಗದಲ್ಲಿ √ಬ/(1+√ಬ) ಬರುತ್ತದೆ. ಗುಂಟೆಲ್‌ಬರ್ಗ್ ರೂಪ ಅನ್ನುತ್ತಾರೆ. ಬೆಲೆಗಳು: 0.1468, 0.1660, 0.1822, 0.2088, 0.2399. ಈಗ ಸ್ಲೋಪ್ 0.1874/0.0931 = 2.01.

ನಡುವಿನ ಬಿಂದುಗಳನ್ನೂ ನೋಡಿ. ಮೊದಲನೆಯದಕ್ಕೆ ಹೋಲಿಸಿದರೆ 1 ಮಿ.ಲೀ.ಗೆ 1.99, 2 ಮಿ.ಲೀ.ಗೆ 2.13, 4 ಮಿ.ಲೀ.ಗೆ 2.02. ಎರಡನೆಯದು ಸ್ವಲ್ಪ ಮೇಲೆ ಹೋಗಿದೆ, 540 ಸೆಕೆಂಡ್ ನಾಲ್ಕೈದು ಸೆಕೆಂಡ್ ಕಡಿಮೆ ಬಿದ್ದಿರಬೇಕು. ಚಿಂತೆ ಮಾಡುವಂಥದ್ದಲ್ಲ.

ಇನ್ನೊಂದು ವಿಷಯ ಲೆಕ್ಕ ಹಾಕಿ ನೋಡಿ, ಕುತೂಹಲದ್ದು. 642 ಸೆಕೆಂಡಿನಿಂದ ಕೆ = 2.6 × 10⁻³ ಲೀಟರ್/(ಮೋಲ್·ಸೆಕೆಂಡ್). ಗೆರೆಯನ್ನು ಬ = 0 ವರೆಗೆ ಹಿಂದಕ್ಕೆ ಎಳೆದರೆ ಕೆ₀ = 1.3 × 10⁻³. ಅಂದರೆ ನೀವು 'ಲವಣ ಇಲ್ಲದ್ದು' ಅಂದುಕೊಂಡ ಫ್ಲಾಸ್ಕ್‌ನಲ್ಲೇ ಕ್ರಿಯೆ ಎರಡು ಪಟ್ಟು ವೇಗವಾಗಿ ನಡೆಯುತ್ತಿತ್ತು.

ಗುಣಲಬ್ಧ ಯಾಕೆ ಬರುತ್ತದೆ ಅನ್ನುವುದಕ್ಕೆ: ಬ್ರಾನ್‌ಸ್ಟೆಡ್ (1922) ಮತ್ತು ಬ್ಯೆರುಮ್ (1924) ಹೇಳಿದ ಪ್ರಕಾರ ವೇಗ ನಿರ್ಧಾರವಾಗುವುದು ಎರಡು ಅಯಾನುಗಳು ಕೂಡಿ ಆಗುವ ಸಂಕ್ರಮಣ ಸ್ಥಿತಿಯ ಮೇಲೆ. ಅದರ ಆವೇಶ −2−1 = −3. ಲವಣದ ಅಯಾನುಗಳು ಪ್ರತಿಯೊಂದು ಆವೇಶದ ಸುತ್ತಲೂ ವಿರುದ್ಧ ಆವೇಶದ ಮೋಡ ಕಟ್ಟಿ ಅದರ ಶಕ್ತಿಯನ್ನು ಇಳಿಸುತ್ತವೆ. ಎಷ್ಟು ಇಳಿಯುತ್ತದೆ ಅನ್ನುವುದು ಆವೇಶದ ವರ್ಗಕ್ಕೆ ತಕ್ಕಂತೆ. ಸಂಕ್ರಮಣ ಸ್ಥಿತಿಗೆ 9, ಬಿಡಿ ಅಯಾನುಗಳಿಗೆ 4 + 1 = 5. ವ್ಯತ್ಯಾಸ 4, ಅದು 2 × (+2). ಹೆಚ್ಚು ಲಾಭ ಸಂಕ್ರಮಣ ಸ್ಥಿತಿಗೆ ಸಿಗುವುದರಿಂದ ಏರಬೇಕಾದ ದಿಬ್ಬ ತಗ್ಗುತ್ತದೆ. ಆವೇಶಗಳು ವಿರುದ್ಧವಾಗಿದ್ದರೆ ಇದು ತಿರುಗುಮುರುಗು. ಒಂದು ತಟಸ್ಥ ಅಣುವಾಗಿದ್ದರೆ ಈ ಮಟ್ಟಿಗೆ ಪರಿಣಾಮವೇ ಇಲ್ಲ.

ಉತ್ತರ: ಪಿಪೆಟ್ ಮತ್ತು ತಾಳ್ಮೆ

ಮೇಲಿನ ಲೆಕ್ಕ ಸರಿ. ಆದರೆ 2.01 ಬಂತು ಅಂತ ಮೇಜು ಒರೆಸಿ ಎದ್ದುಬಿಡಬೇಡಿ. ಈ ಪ್ರಯೋಗದಲ್ಲಿ ಲವಣ ಪರಿಣಾಮದ ವೇಷ ಹಾಕಿಕೊಂಡು ಬರುವ ದೋಷಗಳು ಕೆಲವಿವೆ.

ತಾಪ. ಈ ಕ್ರಿಯೆಯ ಸಕ್ರಿಯಣ ಶಕ್ತಿ 50 ಕಿಲೋಜೌಲ್/ಮೋಲ್‌ನ ಆಸುಪಾಸು. 25 ಡಿಗ್ರಿಯಲ್ಲಿ ಒಂದು ಡಿಗ್ರಿ ಏರಿದರೆ ವೇಗ ಸುಮಾರು ಶೇ. 7 ಏರುತ್ತದೆ. ನಿಮ್ಮ ಮೊದಲ ಹೆಜ್ಜೆಯ ಇಡೀ ಏರಿಕೆ (642ರಿಂದ 588) ಶೇ. 9 ಮಾತ್ರ. ಒಂದು ಡಿಗ್ರಿ ತಪ್ಪಿದರೆ ಮುಕ್ಕಾಲು ಭಾಗ ಅದೇ ತಿಂದುಹಾಕುತ್ತದೆ. ಇಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಒಂದು ಕಿತಾಪತಿ ಮಾಡುತ್ತದೆ: ಅದು ಕರಗುವಾಗ ಶಾಖ ಹೀರುತ್ತದೆ, ಮೋಲ್‌ಗೆ ಸುಮಾರು 35 ಕಿಲೋಜೌಲ್. 10.1 ಗ್ರಾಂ ತೂಗಿ 100 ಮಿ.ಲೀ. ದ್ರಾವಣ ಮಾಡಿದರೆ ಅದು ಸುಮಾರು 8 ಡಿಗ್ರಿ ತಣ್ಣಗಾಗುತ್ತದೆ. ಕರಗಿಸಿದ ತಕ್ಷಣ ಗುರುತಿಗೆ ತುಂಬಿಸಿದರೆ ಸಾರತೆಯೂ ತಪ್ಪುತ್ತದೆ, ಅಳೆದು ಹಾಕಿದರೆ ಫ್ಲಾಸ್ಕ್ ಕೂಡ ತಣ್ಣಗಾಗುತ್ತದೆ. ಕರಗಿಸಿ, ಕೋಣೆಯ ತಾಪಕ್ಕೆ ಬಂದ ಮೇಲೆ ಗುರುತಿಗೆ ತುಂಬಿ. ಪ್ರಯೋಗಕ್ಕೆ ಮುಂಚೆ ಪರ್‌ಸಲ್ಫೇಟನ್ನೂ ಉಳಿದ ಮಿಶ್ರಣವನ್ನೂ ಬೇರೆ ಬೇರೆ ಫ್ಲಾಸ್ಕ್‌ಗಳಲ್ಲಿ ನೀರಿನ ಬಾತ್‌ನಲ್ಲಿ ಕನಿಷ್ಠ 15 ನಿಮಿಷ ಇಡಿ. ಥರ್ಮಾಮೀಟರ್ ಫ್ಲಾಸ್ಕ್‌ನ ಒಳಗೆ ಇರಲಿ. ಬಾತ್‌ನ ನೀರು 25 ತೋರಿಸುತ್ತಿದೆ ಅಂದ ಮಾತ್ರಕ್ಕೆ ಒಳಗೂ 25 ಇದೆ ಅಂತಲ್ಲ.

ತಾಮ್ರ, ಕಬ್ಬಿಣ. ಇವೆರಡರ ಅಯಾನುಗಳು ಅತಿ ಸ್ವಲ್ಪ ಇದ್ದರೂ ಈ ಕ್ರಿಯೆಯನ್ನು ಜೋರಾಗಿ ವೇಗಗೊಳಿಸುತ್ತವೆ. ತಾಮ್ರದ ಕೊಳವೆ ಇರುವ ಹಳೆಯ ಬಟ್ಟಿಯಿಂದ ಬಂದ ನೀರಾದರೆ ಅನುಮಾನವೇ ಬೇಡ. ಆದರೆ ನೀರಿನ ತಾಮ್ರ ಎಲ್ಲ ಫ್ಲಾಸ್ಕ್‌ಗಳಲ್ಲೂ ಹೆಚ್ಚು ಕಡಿಮೆ ಒಂದೇ ಇರುತ್ತದೆ. ನಿಜವಾಗಿ ದಾರಿ ತಪ್ಪಿಸುವುದು ಲವಣದೊಳಗಿನ ಕಲ್ಮಶ, ಯಾಕೆಂದರೆ ಲವಣ ಹೆಚ್ಚಿದಂತೆ ಅದೂ ಹೆಚ್ಚುತ್ತದೆ, ಗ್ರಾಫ್‌ನಲ್ಲಿ ಅಚ್ಚುಕಟ್ಟಾಗಿ ಲವಣ ಪರಿಣಾಮದಂತೆಯೇ ಕಾಣುತ್ತದೆ. ಪರಿಹಾರ ಸುಲಭ: 0.001 ಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ) ದ್ರಾವಣ 1 ಮಿ.ಲೀ. ಹಾಕಿ, ನೀರು 1 ಮಿ.ಲೀ. ಕಡಿಮೆ ಮಾಡಿ. ಕೊನೆಯ ಸಾರತೆ 10⁻⁵ ಮೋಲಾರ್, ಅಯಾನಿಕ್ ಬಲಕ್ಕೆ ಅದರ ಪಾಲು ಲೆಕ್ಕಕ್ಕಿಲ್ಲ. ಇಡಿಟಿಎ ಹಾಕಿದಾಗ ಎಲ್ಲ ಸಮಯಗಳೂ ಉದ್ದವಾದರೆ ಕಲ್ಮಶ ಇತ್ತು ಅಂತ. 7 ಮಿ.ಲೀ. ಫ್ಲಾಸ್ಕ್ ಮಾತ್ರ ಎದ್ದು ಕಾಣುವಷ್ಟು ಉದ್ದವಾದರೆ ಕಲ್ಮಶ ನೈಟ್ರೇಟ್ ಡಬ್ಬಿಯಲ್ಲಿದೆ.

ಅಯೊಡೈಡ್ ದ್ರಾವಣಕ್ಕೆ ತಿಳಿ ಹಳದಿ ಬಂದಿದ್ದರೆ ಚೆಲ್ಲಿ. ಗಾಳಿ, ಬೆಳಕಿಗೆ ಆಗಲೇ ಸ್ವಲ್ಪ ಅಯೋಡಿನ್ ಆಗಿದೆ. ಅದು ಥಯೋಸಲ್ಫೇಟನ್ನು ಮೊದಲೇ ಕಬಳಿಸಿ ಸಮಯವನ್ನು ಗಿಡ್ಡ ಮಾಡುತ್ತದೆ. ನಿಮ್ಮ ಫ್ಲಾಸ್ಕ್‌ನಲ್ಲಿ ಥಯೋಸಲ್ಫೇಟ್ ಇರುವುದು ಬರೀ 0.02 ಮಿಲಿಮೋಲ್, ಸ್ವಲ್ಪ ಹೋದರೂ ಗೊತ್ತಾಗುತ್ತದೆ. ಪರ್‌ಸಲ್ಫೇಟ್ ಉಲ್ಟಾ: ದ್ರಾವಣ ಇಟ್ಟಲ್ಲೇ ನಿಧಾನವಾಗಿ ವಿಭಜನೆಯಾಗುತ್ತದೆ, ಸಮಯ ಉದ್ದವಾಗುತ್ತ ಹೋಗುತ್ತದೆ. ಆ ದಿನದ್ದನ್ನು ಆ ದಿನವೇ ಮಾಡಿ: 0.811 ಗ್ರಾಂ, 100 ಮಿ.ಲೀ.ಗೆ. ಪುಡಿ ನಿಧಾನಕ್ಕೆ ಕರಗುತ್ತದೆ, ತಳದಲ್ಲಿ ಹರಳು ಉಳಿದಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ. ಬಿಸಿ ಮಾಡಿ ಕರಗಿಸಲು ಹೋಗಬೇಡಿ.

ಐದೂ ಅಳತೆಗಳನ್ನು 0ರಿಂದ 7ರ ಕ್ರಮದಲ್ಲಿ ಮಾಡಬೇಡಿ. 7, 0, 2, 4, 1 ಹೀಗೆ ಕಲಸುಮೇಲೋಗರವಾಗಿ ಮಾಡಿ, ಕೊನೆಗೆ 0 ಯನ್ನು ಇನ್ನೊಮ್ಮೆ ಮಾಡಿ. ಪರ್‌ಸಲ್ಫೇಟ್ ಕೆಡುತ್ತಿದ್ದರೆ ಆಗ ಮಾತ್ರ ಗೊತ್ತಾಗುತ್ತದೆ.

ಪರ್‌ಸಲ್ಫೇಟ್ ಸುರಿಯುವ ಎರಡು ಸೆಕೆಂಡಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. 400 ಸೆಕೆಂಡಿನ ಮುಂದೆ ಅದು ಏನೂ ಅಲ್ಲ.

ನೀಲಿಗಡಿಯಾರ

ಇಬ್ಬರಿಗೂ ಧನ್ಯವಾದ. ಇಡಿಟಿಎ ಹಾಕಿ 0 ಮತ್ತು 7 ಮಿ.ಲೀ. ಮತ್ತೆ ಮಾಡಿದಾಗ 645 ಮತ್ತು 420 ಸೆಕೆಂಡ್. ಹೆಚ್ಚು ಬದಲಾಗಿಲ್ಲ. ಆದರೆ ಪೊಟ್ಯಾಸಿಯಂ ನೈಟ್ರೇಟ್ ಬದಲು ಅಷ್ಟೇ ಸೋಡಿಯಂ ನೈಟ್ರೇಟ್ (1.00 ಮೋಲಾರ್, 7 ಮಿ.ಲೀ.) ಹಾಕಿದರೆ 434 ಬಂತು. ಅಯಾನಿಕ್ ಬಲ ಎರಡರಲ್ಲೂ ಒಂದೇ ತಾನೇ? ಇನ್ನೊಂದು ಪ್ರಶ್ನೆ, ಪರಿಣಾಮ ದೊಡ್ಡದಾಗಿ ಕಾಣಲಿ ಅಂತ ಲವಣವನ್ನು 1 ಮೋಲಾರ್‌ವರೆಗೆ ಏರಿಸಬಹುದೇ?

ಉತ್ತರ: ವರ್ಗಮೂಲ

ಎರಡನೆಯದಕ್ಕೆ ಮೊದಲು: ಏರಿಸಬಹುದು, ಆದರೆ ಆ ಗ್ರಾಫ್‌ನಿಂದ ಆವೇಶಗಳ ಗುಣಲಬ್ಧ ಓದಲು ಹೋಗಬೇಡಿ. 0.1ರಿಂದ ಆಚೆ √ಬ/(1+√ಬ) ಕೂಡ ಸಾಲದು. ಡೇವಿಸ್ ಸೂತ್ರದಂತೆ ಅದರಿಂದ 0.3 × ಬ ಕಳೆದು 0.5 ಆಸುಪಾಸಿನವರೆಗೆ ತಳ್ಳಬಹುದು, ಅದರಾಚೆಗೆ ಪ್ರತಿ ಲವಣವೂ ತನ್ನದೇ ದಾರಿ ಹಿಡಿಯುತ್ತದೆ. ಪರಿಣಾಮ ದೊಡ್ಡದಾಗಿ ಕಾಣಬೇಕಿದ್ದರೆ ಕೆಳಗಿನ ತುದಿಯನ್ನು ಇನ್ನೂ ಕೆಳಗಿಳಿಸಿ. ಅಯೊಡೈಡನ್ನು 0.010, ಪರ್‌ಸಲ್ಫೇಟನ್ನು 0.0015 ಮಾಡಿದರೆ ಶುರುವಿನ ಬಲ 0.015ಕ್ಕೆ ಬರುತ್ತದೆ. ವೇಗ ಕಾಲು ಭಾಗಕ್ಕಿಂತಲೂ ಕಡಿಮೆಯಾಗುವುದರಿಂದ ಥಯೋಸಲ್ಫೇಟನ್ನು ಅರ್ಧ ಮಾಡಿ, ಇಲ್ಲದಿದ್ದರೆ ಮುಕ್ಕಾಲು ಗಂಟೆ ಕಾಯಬೇಕು. ಆದರೂ 20 ನಿಮಿಷ ಮೀರುತ್ತದೆ, ಬಾತ್‌ನ ತಾಪ ಅಷ್ಟು ಹೊತ್ತು ಅಲುಗದೆ ನಿಲ್ಲಬೇಕು.

ಸೋಡಿಯಂ ಪ್ರಶ್ನೆ ನಿಜಕ್ಕೂ ಒಳ್ಳೆಯದು. ಅಯಾನಿಕ್ ಬಲ ಒಂದೇ, ವೇಗ ಬೇರೆ. ಸೂತ್ರದ ಪ್ರಕಾರ ಹೀಗಾಗಬಾರದು, ಆದರೆ ಆಗುತ್ತದೆ. ಈ ಕ್ರಿಯೆಯನ್ನು ಕ್ಷಾರ ಲೋಹಗಳ ಅಯಾನುಗಳು ವೇಗಗೊಳಿಸುವ ಕ್ರಮ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ; ಎಡದಿಂದ ಬಲಕ್ಕೆ ಏರುತ್ತ ಹೋಗುತ್ತದೆ. ಎರಡು ಋಣ ಅಯಾನುಗಳು ಹತ್ತಿರ ಬರಬೇಕಾದಾಗ ಒಂದು ಧನ ಅಯಾನು ನಡುವೆ ಕೂತರೆ ಕೆಲಸ ಸುಲಭ. ದೊಡ್ಡ ಅಯಾನುಗಳು ತಮ್ಮ ಸುತ್ತಲಿನ ನೀರನ್ನು ಸಡಿಲವಾಗಿ ಹಿಡಿದಿರುತ್ತವೆ, ಹಾಗಾಗಿ ಋಣ ಅಯಾನಿಗೆ ತಾಗಿ ಕೂರಬಲ್ಲವು. ಲಿಥಿಯಂ ತನ್ನ ನೀರಿನ ಹೊದಿಕೆ ಬಿಡುವುದಿಲ್ಲ.

ಇದನ್ನೇ ಓಲ್ಸನ್ ಮತ್ತು ಸಿಮನ್ಸನ್ 1949ರಲ್ಲಿ ಇನ್ನೂ ಮುಂದೆ ಒಯ್ದರು. ಒಂದೇ ಜಾತಿಯ ಆವೇಶದ ಅಯಾನುಗಳ ನಡುವಿನ ಕ್ರಿಯೆಗೆ ಒಟ್ಟು ಅಯಾನಿಕ್ ಬಲಕ್ಕಿಂತ ವಿರುದ್ಧ ಆವೇಶದ ಅಯಾನುಗಳ ಸಾರತೆ ಮತ್ತು ಗುಣವೇ ಮುಖ್ಯ ಅಂತ ಅವರ ವಾದ. ನಿಮ್ಮ ಸಾಮಗ್ರಿಯಲ್ಲೇ ಪರೀಕ್ಷಿಸಬಹುದು. ಪೊಟ್ಯಾಸಿಯಂ ನೈಟ್ರೇಟ್ 0.040 ಮೋಲಾರ್ ಇರುವ ಮಿಶ್ರಣ ನಿಮ್ಮಲ್ಲಿ ಈಗಾಗಲೇ ಇದೆ, 481 ಸೆಕೆಂಡ್. ಅದರ ಬದಲು ಪೊಟ್ಯಾಸಿಯಂ ಸಲ್ಫೇಟ್ 0.020 ಮೋಲಾರ್ ಹಾಕಿ. ಸೇರಿಸಿದ ಪೊಟ್ಯಾಸಿಯಂ ಅಷ್ಟೇ, ಆದರೆ ಅಯಾನಿಕ್ ಬಲ 0.0696 ಬದಲು 0.0896. ಬಲವೇ ಎಲ್ಲವನ್ನೂ ನಿರ್ಧರಿಸುವುದಾದರೆ ಸಮಯ 435ರ ಹತ್ತಿರ ಬರಬೇಕು. ಪೊಟ್ಯಾಸಿಯಂ ನಿರ್ಧರಿಸುವುದಾದರೆ 481ರಲ್ಲೇ ನಿಲ್ಲಬೇಕು. 46 ಸೆಕೆಂಡಿನ ಅಂತರ, ನಿಮ್ಮ 4 ಸೆಕೆಂಡಿನ ನಿಖರತೆಗೆ ಧಾರಾಳ.

ಹಾಗಂತ ನಿಮ್ಮ 2.01 ಸುಳ್ಳಲ್ಲ, ಆದರೆ ಅದರಲ್ಲಿ ಅದೃಷ್ಟದ ಪಾಲೂ ಇದೆ. ಗುಂಟೆಲ್‌ಬರ್ಗ್ ರೂಪದ ಛೇದದಲ್ಲಿರುವ '1' ಸುಮಾರು 3 ಆಂಗ್‌ಸ್ಟ್ರಾಮ್ ಅಯಾನು ಗಾತ್ರಕ್ಕೆ ಸಮ. ಪೊಟ್ಯಾಸಿಯಂ ಲವಣಗಳಿಗೆ ಅದು ಚೆನ್ನಾಗಿ ಕೂತಿದೆ. ಸೋಡಿಯಂಗೆ 434 ಇಟ್ಟು ಲೆಕ್ಕ ಹಾಕಿದರೆ ಸ್ಲೋಪ್ 1.83ಕ್ಕೆ ಇಳಿಯುತ್ತದೆ. ಅದನ್ನು ನೋಡಿ ಆವೇಶಗಳ ಗುಣಲಬ್ಧ 1.8 ಅಂತ ಯಾರೂ ಬರೆಯುವುದಿಲ್ಲ. ಸ್ಲೋಪ್‌ನಿಂದ ಚಿಹ್ನೆ ಮತ್ತು ಹತ್ತಿರದ ಪೂರ್ಣಾಂಕ ತೆಗೆದುಕೊಳ್ಳಿ, ದಶಮಾಂಶದ ಆಚೆಗೆ ಅರ್ಥ ಹುಡುಕಬೇಡಿ.

ಮೆಗ್ನೀಸಿಯಂ ಸಲ್ಫೇಟ್ ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಕಾಗದದ ಮೇಲೆ 0.010 ಮೋಲಾರ್‌ಗೆ ಬಲ 0.040, ಆದರೆ ಎರಡೂ ದ್ವಿ-ಆವೇಶದವಾದ್ದರಿಂದ ಗಣನೀಯ ಭಾಗ ಜೋಡಿಯಾಗಿ ಕೂತುಬಿಡುತ್ತದೆ, ನಿಜವಾದ ಬಲ ಅದಕ್ಕಿಂತ ಕಡಿಮೆ. ಸೋಡಿಯಂ ಪರ್‌ಕ್ಲೋರೇಟ್ ಸಾಮಾನ್ಯವಾಗಿ ಒಳ್ಳೆಯ ಆಯ್ಕೆ, ಆದರೆ ನಿಮ್ಮ ದ್ರಾವಣದಲ್ಲಿ ಪೊಟ್ಯಾಸಿಯಂ ಇದೆ. ಸಾರತೆ ಏರಿಸಿದರೆ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಬಿಳಿಯಾಗಿ ತಳಕ್ಕಿಳಿಯುತ್ತದೆ.

ಉತ್ತರ: ಕ್ಯುವೆಟ್

ಸ್ಲೋಪ್ ಕೆಳಮುಖವಾಗಿ ಬರುವುದನ್ನೂ ನೋಡಬೇಕಿದ್ದರೆ ಕ್ರಿಸ್ಟಲ್ ವಯೊಲೆಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ತೆಗೆದುಕೊಳ್ಳಿ. ಬಣ್ಣದ ಅಯಾನು +1, ಹೈಡ್ರಾಕ್ಸೈಡ್ −1, ಗುಣಲಬ್ಧ −1. ಲವಣ ಹಾಕಿದಷ್ಟೂ ನಿಧಾನ. ಬಣ್ಣ 1 × 10⁻⁵ ಮೋಲಾರ್, ಹೈಡ್ರಾಕ್ಸೈಡ್ 0.005 ಮೋಲಾರ್ ಇಟ್ಟು 590 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರುವಿಕೆ ಓದುತ್ತ ಹೋಗಿ. ಶುರುವಿಗೆ 0.9ರ ಆಸುಪಾಸು ಇರುತ್ತದೆ, ಅರ್ಧಕ್ಕಿಳಿಯಲು ಹತ್ತು ನಿಮಿಷ ಚಿಲ್ಲರೆ. 0.1 ಮೋಲಾರ್ ಸೋಡಿಯಂ ನೈಟ್ರೇಟ್ ಹಾಕಿದರೆ ಬಲ 0.005ರಿಂದ 0.105ಕ್ಕೆ ಹೋಗುತ್ತದೆ, ವೇಗ ಸುಮಾರು ಮೂರನೇ ಒಂದರಷ್ಟು ಬೀಳಬೇಕು.

ಇದರಲ್ಲಿ ಕೆಡುವ ಜಾಗ ಎರಡು. ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬನೇಟ್ ಆಗುತ್ತದೆ, 0.005 ಮೋಲಾರ್‌ನಷ್ಟು ತೆಳುವಾದಾಗ ಅದು ಸಣ್ಣ ಪಾಲಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಮಾಡಿ, ಬಾಟಲಿ ಮುಚ್ಚಿಡಿ. ಎರಡನೆಯದು, ಬಣ್ಣ ಕ್ಯುವೆಟ್‌ನ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆಯ) ಗೋಡೆಗೆ ಅಂಟುತ್ತದೆ, ಲವಣ ಇದ್ದರೆ ಇನ್ನೂ ಹೆಚ್ಚು. ಅಂಟಿದ ಬಣ್ಣ ಕ್ರಿಯೆಯಲ್ಲಿ ಸರಿಯಾಗಿ ಪಾಲ್ಗೊಳ್ಳುವುದಿಲ್ಲ, ಕೊನೆಗೆ ಹೀರುವಿಕೆ ಸೊನ್ನೆಗೆ ಇಳಿಯದೆ 0.03, 0.04ರಲ್ಲಿ ತಂಗುತ್ತದೆ, ಲಾಗ್ ಗ್ರಾಫ್‌ನ ಬಾಲ ಮೇಲಕ್ಕೆ ಏಳುತ್ತದೆ. ಪ್ರತಿ ಸಲವೂ ಎಥನಾಲ್‌ನಿಂದ ತೊಳೆಯಿರಿ. ಹೈಡ್ರಾಕ್ಸೈಡ್ ಇಲ್ಲದೆ ಬಣ್ಣ + ಲವಣ ಮಾತ್ರ ಇಟ್ಟು ಹತ್ತು ನಿಮಿಷ ಓದಿ ನೋಡಿ: ಆಗಲೂ ಹೀರುವಿಕೆ ಇಳಿಯುತ್ತಿದ್ದರೆ ಅದು ಗೋಡೆಯ ಕೆಲಸ.

ಪ್ರಶ್ನೆ: ಬಫರ್‌ನೊಳಗೆ

ಇದೇ ಎಳೆಯಲ್ಲಿ ಕೇಳುತ್ತೇನೆ. ಅಸಿಟಿಕ್ ಆಮ್ಲ 0.01, ಸೋಡಿಯಂ ಅಸಿಟೇಟ್ 0.01 ಮೋಲಾರ್ ಬಫರ್‌ನಲ್ಲಿ ಒಂದು ತಟಸ್ಥ ಅಣುವಿನ ಜಲವಿಭಜನೆ ಅಳೆಯುತ್ತಿದ್ದೇನೆ, ಹೈಡ್ರೋಜನ್ ಅಯಾನು ವೇಗವರ್ಧಕ. ತಟಸ್ಥ ಅಣು ಅಂದರೆ ಗುಣಲಬ್ಧ ಸೊನ್ನೆ, ಲವಣದ ಪರಿಣಾಮ ಇರಬಾರದು. ಆದರೆ 0.1 ಮೋಲಾರ್ ಸೋಡಿಯಂ ಕ್ಲೋರೈಡ್ ಹಾಕಿದರೆ ವೇಗ ಮೂರನೇ ಒಂದರಷ್ಟು ಏರುತ್ತದೆ. ಪಿಎಚ್ ಮೀಟರ್‌ನಲ್ಲಿ ಇಳಿದದ್ದು ಬರೀ 0.06, ಅದು ಶೇ. 15ಕ್ಕೆ ಸಾಲುತ್ತದೆ ಅಷ್ಟೇ.

ಉತ್ತರ: ವರ್ಗಮೂಲ

ನೀವು ನೋಡುತ್ತಿರುವುದು ದ್ವಿತೀಯಕ ಲವಣ ಪರಿಣಾಮ. ಲವಣ ವೇಗ ಸ್ಥಿರಾಂಕವನ್ನು ಮುಟ್ಟಿಲ್ಲ, ವೇಗವರ್ಧಕದ ಪ್ರಮಾಣವನ್ನೇ ಬದಲಿಸಿದೆ. ತಟಸ್ಥ ಅಸಿಟಿಕ್ ಆಮ್ಲ ಒಡೆದು ಎರಡು ಅಯಾನುಗಳಾಗುತ್ತದೆ. ಲವಣ ಆ ಅಯಾನುಗಳನ್ನು ಸ್ಥಿರಗೊಳಿಸುವುದರಿಂದ ಆಮ್ಲ ಇನ್ನಷ್ಟು ಒಡೆಯುತ್ತದೆ.

ಅಂಕಿ ಹಾಕೋಣ. ಬಫರ್‌ನ ಸ್ವಂತ ಬಲ 0.01, ಅಲ್ಲಿ ಡೇವಿಸ್ ಸೂತ್ರದಿಂದ ಏಕ-ಆವೇಶದ ಅಯಾನಿನ ಆಕ್ಟಿವಿಟಿ ಗುಣಾಂಕ (ಸಾರತೆಯಲ್ಲಿ ಎಷ್ಟು ಪಾಲು ಪರಿಣಾಮಕಾರಿ ಅನ್ನುವ ಸಂಖ್ಯೆ) 0.902. ಉಪ್ಪು ಹಾಕಿದ ಮೇಲೆ ಬಲ 0.11, ಗುಣಾಂಕ 0.776. ಹೈಡ್ರೋಜನ್ ಅಯಾನಿನ ಸಾರತೆ ಈ ಅನುಪಾತದ ವರ್ಗದಷ್ಟು ಏರುತ್ತದೆ: (0.902/0.776)² = 1.35. ಪಿಎಚ್ ಮೀಟರ್ ಓದುವುದು ಸಾರತೆಯನ್ನಲ್ಲ, ಆಕ್ಟಿವಿಟಿಯನ್ನು. ಅದು ಏರುವುದು ಒಂದು ಅನುಪಾತದಷ್ಟೇ, 1.16, ಅಂದರೆ ಪಿಎಚ್ 0.065 ಇಳಿಕೆ. ನಿಮ್ಮ ಎರಡೂ ಅಳತೆ ಸರಿಯಾಗಿಯೇ ಇವೆ. ತಟಸ್ಥ ಅಣುವಿನ ಕ್ರಿಯೆಯಲ್ಲಿ ಸಂಕ್ರಮಣ ಸ್ಥಿತಿಗೂ +1 ಆವೇಶವೇ ಇರುವುದರಿಂದ ಗುಣಾಂಕಗಳು ರದ್ದಾಗಿ ವೇಗ ಸಾರತೆಯ ಬೆನ್ನು ಹತ್ತುತ್ತದೆ, ಮೀಟರ್‌ನ ಬೆನ್ನು ಹತ್ತುವುದಿಲ್ಲ.

ಖಚಿತ ಮಾಡಿಕೊಳ್ಳಲು ಬಫರ್ ತೆಗೆದು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಉದಾಹರಣೆಗೆ 0.001 ಮೋಲಾರ್‌ನಲ್ಲಿ, ಉಪ್ಪು ಹಾಕಿಯೂ ಹಾಕದೆಯೂ ಅಳೆಯಿರಿ. ಅದು ಪೂರ್ತಿ ಒಡೆದಿರುವುದರಿಂದ ಉಪ್ಪಿಗೆ ಒಡೆಯಲು ಏನೂ ಉಳಿದಿಲ್ಲ. ಏರಿಕೆ ಬಹುತೇಕ ಮಾಯವಾಗಬೇಕು. ಬಲಕ್ಕೆ ನೇರ ಅನುಪಾತದಲ್ಲಿ ಒಂದೆರಡು ಶೇಕಡಾ ಉಳಿದರೆ ಸಹಜ, ತಟಸ್ಥ ಅಣುಗಳ ಗುಣಾಂಕವೂ ಉಪ್ಪಿಗೆ ಸ್ವಲ್ಪ ಅಲುಗುತ್ತದೆ. ಅಲ್ಲೂ ಮೂರನೇ ಒಂದರಷ್ಟು ಏರಿದರೆ ಕ್ಲೋರೈಡ್ ತಾನೇ ಕ್ರಿಯೆಯೊಳಗೆ ಕೈಹಾಕುತ್ತಿದೆಯೇ ಅಂತ ಅನುಮಾನಿಸಿ, ಸೋಡಿಯಂ ಪರ್‌ಕ್ಲೋರೇಟ್‌ಗೆ ಬದಲಿಸಿ ನೋಡಿ.

ಉತ್ತರ: ಪಿಪೆಟ್ ಮತ್ತು ತಾಳ್ಮೆ

ಬಫರ್ ಬಿಡಲು ಆಗದಿದ್ದರೆ ಎಲ್ಲ ಅಳತೆಗಳನ್ನೂ ಒಂದೇ ಬಲದಲ್ಲಿ ಮಾಡಿ. ಬಫರ್‌ನ ಸಾರತೆ ಬದಲಿಸಿದಾಗಲೆಲ್ಲ ಸೋಡಿಯಂ ಅಸಿಟೇಟ್ ಎಷ್ಟು ಕಡಿಮೆಯಾಯಿತೋ ಅಷ್ಟು ಪರ್‌ಕ್ಲೋರೇಟ್ ತುಂಬಿ, ಒಟ್ಟು 0.10ರಲ್ಲಿ ನಿಲ್ಲಿಸಿ. ಫಾಸ್ಫೇಟ್ ಬಫರ್ ಆದರೆ ಇನ್ನೂ ಎಚ್ಚರ ಬೇಕು: ಅದರ ಅಯಾನುಗಳು −1 ಮತ್ತು −2, ಉಪ್ಪಿಗೆ ಪಿಎಚ್ ಜಾರುವುದು ಅಸಿಟೇಟ್‌ಗಿಂತ ಹೆಚ್ಚು, ಮತ್ತು ದ್ವಿ-ಆವೇಶದ್ದು ಬಲದ ಲೆಕ್ಕದಲ್ಲಿ ಸೋಡಿಯಂ ಸೇರಿ ಮೂರು ಪಟ್ಟು. ಮೊದಲು ಉಪ್ಪು ಸೇರಿಸಿ, ಆಮೇಲೆ ಪಿಎಚ್ ಸರಿಮಾಡಿ.